ಗಾಜಿನ ಕೋಣೆಯಲ್ಲಿ ಕತೆ ಫಾದರ್

ಬೆಳಗಿನ ಚಹಾದ ಸಾಲಿನಲ್ಲಿ ನಿಂತಿದ್ದ ಕತೆ ಫಾದರ್ ಅವರನ್ನು ಒಬ್ಬ ಸಿಸ್ಟರ್ ಬಂದು ತೋಳು ಹಿಡಿದು ಪಕ್ಕಕ್ಕೆ ಎಳೆದರು. ಏನೋ ಹೇಳಲು ಬಾಯಿ ತೆರೆದರೆ ಹೊರಟದ್ದು ಬರೀ ಗಾಳಿ. ತಮ್ಮ ಗಂಟಲು ಮುಟ್ಟಿ ತೋರಿಸಿದರು, ಇಲ್ಲ ಎಂದು ಕೈ ಆಡಿಸಿದರು, ಆಮೇಲೆ ತೋರುಬೆರಳನ್ನು ನೇರ ಫಾದರ್ ಎದೆಗೆ ಗುರಿಯಿಟ್ಟರು.

"ಗಂಟಲು ಕಟ್ಟಿದೆಯಾ?"

ಸಿಸ್ಟರ್ ತಲೆಯಾಡಿಸಿದರು.

"ನಿಮ್ಮ ಬದಲು ನಾನು ಮಾತಾಡ್ಬೇಕಾ?"

ಇನ್ನೂ ಜೋರಾಗಿ ತಲೆಯಾಡಿಸಿದರು.

"ಅಷ್ಟೇ ತಾನೆ? ನಡೀರಿ" ಎಂದ ಫಾದರ್ ಚಹಾದ ಆಸೆ ಬಿಟ್ಟು ಅವರ ಹಿಂದೆಯೇ ಹೊರಟರು.

ಪರದೇಶದ ಆ ಊರಿನಲ್ಲಿ ಹಲವು ನಾಡುಗಳ ಕ್ರೈಸ್ತರು ಸೇರಿದ್ದ ಸಮ್ಮೇಳನವದು. ವ್ಯಾಪಾರದ ಮೇಳಗಳಿಗೆಂದು ಕಟ್ಟಿದ, ವಿಮಾನವೇ ಒಳಗೆ ಬಂದು ನಿಲ್ಲಬಹುದಾದಷ್ಟು ದೊಡ್ಡ ಸಭಾಂಗಣ. ಮುಂದೆ ವೇದಿಕೆ, ಹಿಂದಿನ ಗೋಡೆಗೆ ಅಂಟಿಕೊಂಡಂತೆ ಮೇಲೆ ಸಾಲಾಗಿ ಗಾಜಿನ ಪುಟ್ಟ ಕೋಣೆಗಳು. ಒಂದೊಂದು ಕೋಣೆಗೂ ಒಂದೊಂದು ಭಾಷೆ. ವೇದಿಕೆಯ ಮೇಲಿನವರು ಇಂಗ್ಲಿಷಿನಲ್ಲಿ ಆಡಿದ ಮಾತನ್ನು ಆ ಕೋಣೆಯಲ್ಲಿ ಕೂತವರು ಆಡಿದ ಹಾಗೇ ತಮ್ಮ ಭಾಷೆಗೆ ತಿರುಗಿಸಿ ಮೈಕಿನಲ್ಲಿ ಹೇಳಬೇಕು; ಕೆಳಗೆ ಕೂತವರು ಇಯರ್‌ಫೋನಿನಲ್ಲಿ ಕೇಳಬೇಕು. ಸಿಸ್ಟರ್ ಆ ದೇಶದಲ್ಲೇ ಬಹಳ ಕಾಲದಿಂದ ಇದ್ದವರು. ಆಸ್ಪತ್ರೆಯಲ್ಲಿ ನಮ್ಮ ಭಾಷೆಯ ರೋಗಿಗಳಿಗೂ ಅಲ್ಲಿನ ಡಾಕ್ಟರಿಗೂ ನಡುವೆ ಮಾತು ದಾಟಿಸುವುದೇ ಅವರ ಕೆಲಸ. ಹಿಂದಿನ ದಿನ ಇಡೀ ಒಬ್ಬರೇ ಮಾತಾಡಿದ್ದರು. ಸಾಲದ್ದಕ್ಕೆ ಆ ಕೋಣೆಯ ಏಸಿ. ಬೆಳಗಾಗುವಷ್ಟರಲ್ಲಿ ಗಂಟಲು ಕೈಕೊಟ್ಟಿತ್ತು.

ಬದಲಿಗೆ ಯಾರು ಎಂದು ಅವರು ಹೆಚ್ಚು ಯೋಚಿಸಬೇಕಾಗಿರಲಿಲ್ಲ. ಊರಿನಿಂದ ಬಂದ ಗುಂಪಿಗೆ ಕತೆ ಫಾದರೇ ಮುಂದಾಳು. ಅವರ ಬಾಯಿಯಂಥ ಬಾಯಿ ಆ ಕಡೆಯ ಯಾವ ಧರ್ಮಕೇಂದ್ರದಲ್ಲೂ ಇರಲಿಲ್ಲ.

ಆ ಬಾಯಿ ಅವರಿಗೆ ಸೆಮಿನರಿಯಲ್ಲಿ ಬಂದದ್ದಲ್ಲ, ಅಪ್ಪನ ಕಟಿಂಗ್ ಅಂಗಡಿಯಲ್ಲಿ ಬಂದದ್ದು. ಅಪ್ಪ ಕ್ಷೌರಿಕ. "ತಲೆ ಅಲ್ಲಾಡಿಸ್ಬೇಡಿ ಅಂದ್ರೆ ಯಾವ ಗಿರಾಕೀನೂ ಕೇಳಲ್ಲ ಕಣೋ. ಒಂದು ಕತೆ ಶುರು ಮಾಡು, ಕಲ್ಲಿನ ಹಾಗೆ ಕೂತ್ಕೋತಾನೆ" ಎನ್ನುತ್ತಿದ್ದ. ಮಗ ಆ ಗುಟ್ಟನ್ನು ಕತ್ತರಿಯಿಂದ ಬಲಿಪೀಠಕ್ಕೆ ಸಾಗಿಸಿದ್ದರು. ಚರ್ಚಿನ ಪೂಜೆಯಲ್ಲಿ ಅವರ ಪ್ರಸಂಗ ಇದೆ ಎಂದರೆ ಹೊರಗೆ ಬೀಡಿ ಸೇದುತ್ತಾ ನಿಲ್ಲುವ ಗಂಡಸರೂ ಒಳಗೆ ಬಂದು ಕೂರುತ್ತಿದ್ದರು. ಸಾವಿನ ಮನೆಯಲ್ಲೂ ಅತ್ತವರನ್ನು ನಗಿಸಿ, ನಕ್ಕವರನ್ನು ಮತ್ತೆ ಅಳಿಸಿ, ಎಲ್ಲರಿಗೂ ಊಟ ಮಾಡಿಸಿಯೇ ಎದ್ದು ಬರುತ್ತಿದ್ದರು. ಅಂಥವರಿಗೆ ಬೇರೆಯವರು ಆಡಿದ ಮಾತನ್ನು ತಿರುಗಿಸಿ ಹೇಳುವುದು ಯಾವ ಮಹಾ ಕೆಲಸ?

ಗಾಜಿನ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೇಜು, ಒಂದು ಮೈಕು. ಮೈಕಿನ ಪಕ್ಕ ಒಂದು ಕೆಂಪು ಗುಂಡಿ. ಒತ್ತಿ ಹಿಡಿದಷ್ಟು ಹೊತ್ತು ಧ್ವನಿ ಹೊರಗೆ ಹೋಗುವುದಿಲ್ಲ, ಕೆಮ್ಮು ಬಂದರೆ ಒತ್ತುವುದಕ್ಕೆ. ಸಿಸ್ಟರ್ ಪಕ್ಕದ ಕುರ್ಚಿಯಲ್ಲಿ ಕೂತು ಒಂದು ಚೀಟಿಯ ಮೇಲೆ ಬರೆದು ತೋರಿಸಿದರು: 'ಅವರು ನಾನು ಅಂದರೆ ನೀವೂ ನಾನು ಅನ್ನಬೇಕು. ಅವರು ಹೇಳಿದರು, ಇವರು ಹೇಳಿದರು ಅನ್ನಬಾರದು.' ಅದರ ಕೆಳಗೆ ಇನ್ನೊಂದು ಸಾಲು ಬರೆದು ಅಡಿಗೆರೆ ಎಳೆದರು: 'ಏನನ್ನೂ ಸೇರಿಸಬೇಡಿ.'

"ಗೊತ್ತು ಬಿಡಿ ಸಿಸ್ಟರ್. ನಾನೇನು ಮಗೂನಾ?"

ಮೊದಲು ಮಾತಾಡಿದವರು ಸ್ವಾಗತ ಸಮಿತಿಯ ಅಧ್ಯಕ್ಷರು. ಬಂದವರಿಗೆಲ್ಲ ವಂದನೆ, ಊಟದ ಸಾಲು ಯಾವ ಕಡೆ, ಶೌಚಾಲಯ ಯಾವ ಕಡೆ. ಫಾದರ್ ಗಾಜಿನಿಂದ ಕೆಳಗೆ ನೋಡಿದರು. ಎಡಮೂಲೆಯಲ್ಲಿ ತಮ್ಮ ಊರಿನವರ ಗುಂಪು. ಅರ್ಧ ಜನ ಆಗಲೇ ತೂಕಡಿಸುತ್ತಿದ್ದರು. ಶೌಚಾಲಯದ ಮಾತು ಬಂದಾಗ ಫಾದರ್ ತಡೆಯಲಾರದೆ, "ಒಳಗೆ ಹೋದ್ಮೇಲೆ ಗೋಡೆ ಮೇಲಿನ ಗುಂಡಿಗಳನ್ನೆಲ್ಲ ಒತ್ತಬೇಡಿ, ನಿನ್ನೆ ನಾನು ಒತ್ತಿ ಅರ್ಧ ಸ್ನಾನ ಆಯ್ತು" ಎಂದರು. ಎಡಮೂಲೆ ಕಿಸಕ್ಕೆಂದಿತು. ತೂಕಡಿಕೆ ಹಾರಿಹೋಯಿತು. ಸಿಸ್ಟರ್ ಪೆನ್ಸಿಲಿನಿಂದ ಮೇಜು ಕುಟ್ಟಿದರು. ಫಾದರ್ ಅವರ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ನೋಡಿದ್ರಾ, ಹೀಗೆ ಮಾಡ್ಬೇಕು!

ಆಮೇಲೆ ವೇದಿಕೆಗೆ ಬಂದದ್ದು ಬೇಕರಿ ನಡೆಸುವ ಒಬ್ಬ ಹೆಂಗಸು. ಅರುವತ್ತರ ಆಸುಪಾಸು, ಗಿಡ್ಡ ಕೂದಲು, ಬಲವಾದ ಕೈಗಳು. ಮರೆವಿನ ಕಾಯಿಲೆಯಾಗಿದ್ದ ತಾಯಿಯನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಂಡ ಬಗ್ಗೆ ಮಾತಾಡಬೇಕಿತ್ತು. ಇಂಗ್ಲಿಷ್ ಆಕೆಯ ಮನೆಮಾತಲ್ಲ. ಒಂದು ವಾಕ್ಯ ಹೇಳುವಳು, ನಿಲ್ಲುವಳು. ಮುಂದಿನದನ್ನು ಹುಡುಕಿ ತೆಗೆದಂತೆ ಇನ್ನೊಂದು ಹೇಳುವಳು.

"ನಾನು ಬೆಳಗಿನ ಜಾವ ಎದ್ದು ಒಲೆ ಹೊತ್ತಿಸುತ್ತಿದ್ದೆ" ಎಂದರು ಫಾದರ್, ಆಕೆಯ ಮಾತು ಹಿಡಿದು. ಆಕೆ ನಿಂತಳು. ಇಯರ್‌ಫೋನಿನಲ್ಲಿ ಸದ್ದಿಲ್ಲ. ಫಾದರಿಗೆ ಮೈಮೇಲೆ ಇರುವೆ ಹರಿದಂತಾಯಿತು. ಯಂತ್ರ ಕೆಟ್ಟಿತು ಎಂದುಕೊಂಡು ನಮ್ಮ ಜನ ಕಿವಿಯಿಂದ ಕಿತ್ತುಬಿಟ್ಟರೆ? "ಒಲೆ ಅಂದ್ರೆ ಎಂಥ ಒಲೆ! ಒಳಗೆ ಕೆಂಪಗೆ ಕೆಂಡ, ಹೊರಗೆ ಮೈ ಕೊರೆಯೋ ಚಳಿ" ಎಂದು ತಾವೇ ತುಂಬಿಸಿದರು. ಮೇಜಿನ ಮೇಲೆ ಪೆನ್ಸಿಲ್ ಟಕಟಕ ಎಂದಿತು. ಆಕೆ ತಾಯಿಯ ಕಾಲೊತ್ತಿದ್ದು, ಉಗುರು ಕತ್ತರಿಸಿದ್ದು ಹೇಳಿದಳು. ಫಾದರ್ ಅದಕ್ಕೆ ಅಷ್ಟು ಬೆಣ್ಣೆ ಸವರಿದರು.

ಆಕೆ ಮತ್ತೆ ಹೇಳಿದಳು. "ಅಮ್ಮ ತಿಂದದ್ದನ್ನು ಮರೆಯುತ್ತಿದ್ದಳು. ಮತ್ತೆ ಕೇಳುತ್ತಿದ್ದಳು." ನಿಂತಳು. ಈ ಸಲದ ಮೌನ ಉದ್ದವಾಯಿತು. ಆಕೆ ನೆಲ ನೋಡುತ್ತಿದ್ದಳು. ಫಾದರ್ ನಾಲಿಗೆಯ ತುದಿಗೆ ಅಪ್ಪನ ಅಂಗಡಿಯದೊಂದು ಕತೆ ಬಂದು ಕೂತಿತು. ತಡೆಯುವುದು ಅವರ ಜಾಯಮಾನವಲ್ಲ.

"ಒಬ್ಬ ಮರೆಗುಳಿ ತಾತ ಇದ್ದ. ಬೆಳಿಗ್ಗೆ ಬಂದು ಕಟಿಂಗ್ ಮಾಡಿಸ್ಕೊಂಡು ಹೋದ. ಮಧ್ಯಾಹ್ನ ಮತ್ತೆ ಬಂದು ಕೂತ. ಬೇಡ ಅಂದ್ರೆ ಕೇಳ್ತಾನಾ? ಕ್ಷೌರಿಕ ಗಾಳೀಲೇ ಕತ್ತರಿ ಕಚಕಚ ಅನ್ನಿಸಿ, ಬಟ್ಟೆ ಕೊಡವಿ ಕಳಿಸ್ದ. ಸಂಜೆ ತಾತ ಮೂರನೇ ಸಲ ಹಾಜರ್. 'ಏನಯ್ಯಾ, ಮಧ್ಯಾಹ್ನ ನೀನು ಸ್ವಲ್ಪ ಜಾಸ್ತಿ ಕತ್ತರಿಸ್ಬಿಟ್ಟೆ!' ಅಂದ."

ಕತೆ ಹೇಳುವ ಹುರುಪಿನಲ್ಲಿ ವೇದಿಕೆಯ ಮೇಲಿಂದ ಬಂದ ಒಂದು ವಾಕ್ಯ ಅವರ ಕಿವಿಯ ಪಕ್ಕದಲ್ಲೇ ದಾಟಿಹೋಯಿತು. ಆ ವಾಕ್ಯಕ್ಕೆ ಇಡೀ ಸಭಾಂಗಣ ಉಸಿರು ಬಿಗಿಹಿಡಿದಿತ್ತು. ಅದೇ ಹೊತ್ತಿಗೆ ಎಡಮೂಲೆ ಗೊಳ್ಳೆಂದು ನಕ್ಕಿತು.

ನೂರಾರು ತಲೆಗಳು ಎಡಮೂಲೆಯತ್ತ ತಿರುಗಿದವು. ವೇದಿಕೆಯ ಮೇಲಿನ ಹೆಂಗಸೂ ತಲೆಯೆತ್ತಿ ನೋಡಿದಳು. ನಗುತ್ತಿರುವವರನ್ನು ಕಂಡು ಆಕೆಯ ಬಾಯಿ ಕಟ್ಟಿತು. ಎರಡೂ ಕೈಯಿಂದ ಮುಂದಿದ್ದ ಮೇಜಿನ ಅಂಚು ಹಿಡಿದುಕೊಂಡಳು. ಸಿಸ್ಟರ್ ಕೈ ಚಾಚಿ ಕೆಂಪು ಗುಂಡಿ ಒತ್ತಿಬಿಟ್ಟರು. ಇನ್ನೊಂದು ಕೈಯಲ್ಲಿ ಚೀಟಿಯ ಮೇಲೆ ಗೀಚಿ ಫಾದರ್ ಮೂಗಿನ ಕೆಳಗೆ ಹಿಡಿದರು. ಫಾದರ್ ಕೇಳಿಸಿಕೊಳ್ಳದೆ ಬಿಟ್ಟಿದ್ದ ವಾಕ್ಯ ಅದು: 'ಆ ಬೆಳಿಗ್ಗೆ ಅಮ್ಮನಿಗೆ ನನ್ನ ಗುರುತು ಸಿಗಲಿಲ್ಲ.'

ಓದುತ್ತಿದ್ದಂತೆ ಅವರ ಕಿವಿ ಬಿಸಿಯಾಯಿತು. ಆದರೆ ಫಾದರ್ ಕೈಕಾಲು ಬಿಡುವವರಲ್ಲ. ಸಿಸ್ಟರ್ ಕೈಯನ್ನು ಮೆಲ್ಲಗೆ ಗುಂಡಿಯಿಂದ ಸರಿಸಿ ಮೈಕಿಗೆ ಬಾಯಿ ಕೊಟ್ಟರು.

"ನಗು ನಿಲ್ಸಿ. ಆ ಕಟಿಂಗ್ ಕತೆ ಆಕೇದಲ್ಲ, ನಂದು. ನಾನೇ ಸೇರಿಸ್ದೆ. ಚಳಿ, ಕೆಂಡ ಎಲ್ಲಾ ನಂದೇ. ಆಕೆ ಹೇಳಿದ್ದು ಇಷ್ಟೆ: ಆ ಬೆಳಿಗ್ಗೆ ಅಮ್ಮನಿಗೆ ನನ್ನ ಗುರುತು ಸಿಗಲಿಲ್ಲ. ಇನ್ಮುಂದೆ ನನ್ನ ಬಾಯಿಂದ ಬರೋದು ಆಕೆಯ ಮಾತು ಮಾತ್ರ. ಸದ್ದಿಲ್ಲ ಅಂದ್ರೆ ಆಕೇನೂ ಸುಮ್ಮನಿದ್ದಾಳೆ ಅಂತ ತಿಳ್ಕೊಳ್ಳಿ."

ಎಡಮೂಲೆ ತಣ್ಣಗಾಯಿತು. ಯಾರೋ ಒಬ್ಬರು ಎದ್ದು ನಿಂತು ವೇದಿಕೆಯ ಕಡೆಗೆ ಕೈಮುಗಿದರು. ಹಿಂದಿನಿಂದ ನೋಡಿದರೂ ಫಾದರಿಗೆ ಗುರುತು ಹತ್ತಿತು. ಅದು ಅವರ ಅಕ್ಕ.

ಅಕ್ಕ ಹೊಲಿಗೆ ಕೆಲಸದವಳು, ಗಂಡನನ್ನು ಬೇಗ ಕಳೆದುಕೊಂಡವಳು. ಅವರ ಅಮ್ಮನಿಗೂ ಕೊನೆಗಾಲದಲ್ಲಿ ಇದೇ ಮರೆವಿನ ಕಾಯಿಲೆ. ಅಮ್ಮ ಇದ್ದದ್ದೂ ತೀರಿಕೊಂಡದ್ದೂ ಅಕ್ಕನ ಮನೆಯಲ್ಲೇ. ಫಾದರ್ ಆಗಾಗ ಹೋಗಿ ನೋಡಿಕೊಂಡು ಬರುತ್ತಿದ್ದರು. ಈ ಸಲ, "ನೀನು ಯಂತ್ರದ ಮುಂದೆ ಬಗ್ಗಿದ್ದು ಸಾಕು, ನಾಲ್ಕು ದಿನ ಹೊರಗೆ ಬಾ" ಎಂದು ಬಲವಂತ ಮಾಡಿ ಅವಳನ್ನು ಗುಂಪಿನ ಜೊತೆ ಹೊರಡಿಸಿದ್ದರು.

ಬೇಕರಿಯ ಹೆಂಗಸು ಆ ಕೈಮುಗಿದ ಆಕೃತಿಯನ್ನು ಸ್ವಲ್ಪ ಹೊತ್ತು ನೋಡಿದಳು. ತಲೆಯಾಡಿಸಿದಳು. ಮತ್ತೆ ಶುರು ಮಾಡಿದಳು. ಫಾದರ್ ಈಗ ಆಕೆ ಆಡಿದ್ದನ್ನಷ್ಟೇ ಆಡಿದರು, ಆಕೆ ನಿಂತಲ್ಲಿ ನಿಂತರು.

"ನನಗೊಬ್ಬ ತಮ್ಮ. ಬೇರೆ ಊರಿನಲ್ಲಿದ್ದ. ಬಿಡುವಾದಾಗ ಬರುತ್ತಿದ್ದ."

ಮೌನ.

"ಅವನು ಬಾಗಿಲಲ್ಲಿ ನಿಂತರೆ ಅಮ್ಮನ ಮುಖ ಅರಳುತ್ತಿತ್ತು. ಬಂದ್ಯಾ ಮಗನೇ, ಅನ್ನುತ್ತಿದ್ದಳು. ಅವನ ಗುರುತು ಅವಳಿಗೆ ಸಿಗುತ್ತಿತ್ತು."

ಫಾದರ್ ಮುಂದಿನ ಮಾತಿಗೆ ಕಾದರು.

"ಅವನ ಎದುರಿಗೆ ನನ್ನನ್ನು ತೋರಿಸಿ, ಈ ಕೆಲಸದವಳು ನನಗೆ ಸರಿಯಾಗಿ ಊಟ ಹಾಕುವುದಿಲ್ಲ, ಅನ್ನುತ್ತಿದ್ದಳು. ತಮ್ಮ ನಗುತ್ತಿದ್ದ. ಅವನು ಕೆಟ್ಟವನಲ್ಲ. ಅವನಿಗೆ ನಗು ಬರುತ್ತಿತ್ತು."

ಫಾದರ್ ಧ್ವನಿ ಅಲುಗಲಿಲ್ಲ. ಅಷ್ಟು ವರ್ಷದ ಅಭ್ಯಾಸ. ಅವರ ಅಮ್ಮನೂ ಹೀಗೆಯೇ ಅಕ್ಕನನ್ನು ತೋರಿಸಿ, "ಈ ಹೆಂಗಸು ಯಾರೋ? ಬೆಳಗಾದ್ರೆ ಬಂದು ನನ್ನ ಸೀರೆ ಎಳೀತಾಳೆ" ಎಂದು ದೂರು ಹೇಳಿದ್ದಿತ್ತು. ಫಾದರ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಷ್ಟೇ ಅಲ್ಲ, ಅದನ್ನೊಂದು ಪ್ರಸಂಗದಲ್ಲಿ ಸೇರಿಸಿ ಇಡೀ ಚರ್ಚನ್ನು ನಗಿಸಿದ್ದರು. ಆ ಭಾನುವಾರ ಅಕ್ಕ ಬಂದಿದ್ದಳೇ, ಎಲ್ಲಿ ಕೂತಿದ್ದಳು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಈಗ ಅದೇ ಬಾಯಿಂದ, ಅದೇ ಅಕ್ಕನ ಕಿವಿಗೆ, 'ನಾನು' 'ನಾನು' ಎಂದು ಹೇಳಬೇಕಾಗಿ ಬಂದಿತ್ತು. ಕೆಳಗೆ ಅಕ್ಕ ಎರಡೂ ಕೈಯಿಂದ ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಳು.

"ನಾನು ಒಳಗೆ ಹೋಗಿ ಹಿಟ್ಟು ನಾದುತ್ತಿದ್ದೆ. ಸಿಟ್ಟೆಲ್ಲ ಹಿಟ್ಟಿನ ಮೇಲೆ. ಅಂಥ ದಿನ ಬ್ರೆಡ್ಡು ತುಂಬಾ ಚೆನ್ನಾಗಿ ಉಬ್ಬುತ್ತಿತ್ತು. ಗಿರಾಕಿಗಳು ಹೊಗಳುತ್ತಿದ್ದರು."

ಸಭಾಂಗಣವೆಲ್ಲ ನಕ್ಕಿತು. ಎಡಮೂಲೆಯೂ ಅದೇ ಗಳಿಗೆಗೆ, ಅದೇ ಮಾತಿಗೆ ನಕ್ಕಿತು. ಆಕೆಯೂ ನಕ್ಕಳು.

"ಒಮ್ಮೆ ಬಸ್ಸಿನವರ ಮುಷ್ಕರ. ತಮ್ಮ ಹಿಂದಿರುಗಲಾಗದೆ ಕೆಲವು ದಿನ ನಮ್ಮಲ್ಲೇ ಉಳಿದ. ಒಂದು ಸಂಜೆ ಅಮ್ಮನಿಗೆ ಅವನ ಗುರುತೂ ಸಿಗಲಿಲ್ಲ. ಯಾರು ನೀನು, ಹೊರಗೆ ಹೋಗು, ಅಂದಳು. ಅವನು ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತ. ನಾನು ಅರ್ಧ ಹಿಟ್ಟು ಅವನ ಕಡೆ ತಳ್ಳಿದೆ."

ಬಹಳ ಹೊತ್ತು ಸುಮ್ಮನಿದ್ದಳು. ಫಾದರೂ ಸುಮ್ಮನಿದ್ದರು. ಯಾರೂ ಇಯರ್‌ಫೋನ್ ಕೀಳಲಿಲ್ಲ.

"ಇಷ್ಟೇ ನನಗೆ ಹೇಳಲಿಕ್ಕಿದ್ದದ್ದು" ಎಂದಳು ಆಕೆ. "ಇಷ್ಟೇ ನನಗೆ ಹೇಳಲಿಕ್ಕಿದ್ದದ್ದು" ಎಂದರು ಫಾದರ್.

ವಿರಾಮ ಎಂದು ಘೋಷಿಸುತ್ತಿದ್ದಂತೆ ಫಾದರ್ ಎದ್ದು, ನಿಲುವಂಗಿ ಎತ್ತಿ ಹಿಡಿದು, ಮೆಟ್ಟಿಲಿಳಿದು ನೇರ ವೇದಿಕೆಯ ಹಿಂಭಾಗಕ್ಕೆ ನಡೆದರು. ಮುಖ ತಪ್ಪಿಸಿಕೊಂಡು ಓಡಾಡುವುದು ಅವರಿಗೆ ಬರುತ್ತಿರಲಿಲ್ಲ. ಬೇಕರಿಯ ಹೆಂಗಸು ಒಂದು ಪೆಟ್ಟಿಗೆಯ ಮೇಲೆ ಕೂತು ನೀರು ಕುಡಿಯುತ್ತಿದ್ದಳು.

"ನಮ್ಮವರು ನಕ್ಕಿದ್ದು ನಿಮ್ಮ ಮಾತಿಗಲ್ಲಮ್ಮ, ನನ್ನದಕ್ಕೆ" ಎಂದರು ಇಂಗ್ಲಿಷಿನಲ್ಲಿ. "ನೀವು ಸುಮ್ಮನಾದಾಗ ನಾನು ಒಂದು ತಮಾಷೆ ಸೇರಿಸಿದೆ. ತಪ್ಪು ನನ್ನದು."

ಆಕೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ನಾನು ಹೆದರಿಬಿಟ್ಟೆ. ನನ್ನ ಇಂಗ್ಲಿಷ್ ಕೇಳಿ ನಕ್ಕರೇನೋ ಅಂತ. ಏನು ತಮಾಷೆ ಅದು?"

ಫಾದರ್ ಹೇಳಿದರು. ಮೂರನೇ ಸಲ ಬಂದ ತಾತನವರೆಗೂ ಹೇಳಿದರು. ಆಕೆ ನೀರು ನೆತ್ತಿಗೇರುವಂತೆ ನಕ್ಕಳು. ಕೆಮ್ಮಿ, ಕಣ್ಣು ಒರೆಸಿಕೊಂಡು, "ಅಮ್ಮನಿಗೆ ಇದು ಬಹಳ ಹಿಡಿಸುತ್ತಿತ್ತು" ಎಂದಳು. "ಕತೆ ಒಳ್ಳೆಯದು ಫಾದರ್. ಆದರೆ ನಿಮ್ಮ ಸರದಿ ಬಂದಾಗ ಹೇಳಿ."

ಅಕ್ಕ ಸಿಕ್ಕಿದ್ದು ಸಭಾಂಗಣದ ಹಿಂದೆ, ಸಾಮಾನಿನ ಲಾರಿಗಳು ಬಂದು ನಿಲ್ಲುವ ಕಟ್ಟೆಯ ಮೇಲೆ. ಕಾಗದದ ತಟ್ಟೆಯಲ್ಲಿ ಬ್ರೆಡ್ಡು, ಪಕ್ಕದಲ್ಲಿ ಬಿಚ್ಚಿಟ್ಟ ಚಪ್ಪಲಿ. ಫಾದರ್ ಹೋಗಿ ಪಕ್ಕದಲ್ಲಿ ಕೂತರು.

"ಊಟ ಮಾಡ್ಲಿಲ್ವೇನೋ?"

"ಆಮೇಲೆ ಮಾಡ್ತೀನಿ. ಅಕ್ಕಾ..."

"ಹೇಳು."

ಎಲ್ಲಿಂದ ಶುರು ಮಾಡಬೇಕೆಂದು ಕತೆ ಫಾದರಿಗೆ ತಿಳಿಯಲಿಲ್ಲ. "ಹಾಗೇ ಇತ್ತಾ? ಆಕೆ ಹೇಳಿದ ಹಾಗೆ?"

"ನಾನೆಲ್ಲಿ ಹಿಟ್ಟು ನಾದ್ದೆ? ನಂದು ಬಟ್ಟೆ ಒಗೆಯೋದು. ನೀನು ಬಂದು ಅಮ್ಮನ್ನ ನಗಿಸ್ತಾ ಕೂತಿದ್ರೆ ನಾನು ಬಚ್ಚಲಿಗೆ ಹೋಗಿ ಒಗೆದಿದ್ದ ಬಟ್ಟೇನೇ ಮತ್ತೆ ಒಗೀತಿದ್ದೆ. ನಿನ್ನ ಅಂಗಿ ಎಷ್ಟು ಬೆಳ್ಳಗಿರ್ತಿತ್ತು, ನೋಡಿರ್ಲಿಲ್ವಾ?"

"ಚರ್ಚಲ್ಲಿ ಅಮ್ಮನ ಆ ಮಾತು ಹೇಳಿ ನಗಿಸಿದ್ನಲ್ಲ, ಅವತ್ತು ನೀನು ಬಂದಿದ್ಯಾ?"

"ಕಂಬದ ಪಕ್ಕ ಕೂತಿದ್ದೆ. ನಾನೂ ನಕ್ಕೆ. ಎಲ್ರೂ ನಗ್ತಿರುವಾಗ ನಾನೊಬ್ಳು ಮೂತಿ ಉಬ್ಬಿಸ್ಕೊಂಡು ಕೂರೋಕಾಗುತ್ತಾ?"

"ತಪ್ಪಾಯ್ತು ಅಕ್ಕ."

"ಆಯ್ತು."

"ಆಯ್ತು ಅಂದ್ರೆ?"

"ಆಯ್ತು ಅಂದ್ರೆ ಆಯ್ತು ಕಣೋ. ಕ್ಷಮಿಸ್ದೆ ಅಂತ ಮೈಕಲ್ಲಿ ಹೇಳ್ಬೇಕಾ?" ಅಕ್ಕ ಬ್ರೆಡ್ಡಿನ ತುಂಡು ಮುರಿದು ಅವರ ಕೈಗೆ ತುರುಕಿದಳು. ತುಸು ಹೊತ್ತು ಅಗಿಯುತ್ತಾ ಕೂತು, ಆಮೇಲೆ ಬೇರೆ ಧ್ವನಿಯಲ್ಲಿ ಹೇಳಿದಳು: "ಆದ್ರೆ ಒಂದು ಮಾತು. ನಾನು ಅಮ್ಮನ ಕಾಲು ಒತ್ತಿದೆ, ನಾನು ಅಮ್ಮನ ಉಗುರು ಕತ್ತರಿಸಿದೆ ಅಂತ ನೀನು ಹೇಳ್ತಿದ್ರೆ, ನನ್ನ ಮಾತನ್ನ ಯಾರೋ ಎಲ್ರಿಗೂ ಕೇಳೋ ಹಾಗೆ ಹೇಳ್ತಿದಾರೆ ಅನ್ನಿಸ್ತು. ಅದೂ ನಿನ್ನ ಬಾಯಲ್ಲಿ. ಅದಕ್ಕೇ ಅಲ್ಲಿ ಕೂತು ಅತ್ತುಬಿಟ್ಟೆ. ಸಿಟ್ಟಿಗಲ್ಲ."

"ನೀನ್ಯಾಕೆ ಇಷ್ಟು ದಿನ ಹೇಳ್ಲಿಲ್ಲ?"

"ನೀನು ಯಾವತ್ತು ಬಾಯಿ ಮುಚ್ಚಿದೀಯ, ನಾನು ಹೇಳೋಕೆ?"

ಫಾದರ್ ನಕ್ಕುಬಿಟ್ಟರು. ಅಕ್ಕನೂ ನಕ್ಕಳು. ಬ್ರೆಡ್ಡು ಒಣಗಿತ್ತು, ಆದರೂ ಅವರು ಅಷ್ಟನ್ನೂ ತಿಂದರು.

ಅಷ್ಟರಲ್ಲಿ ಸಿಸ್ಟರ್ ಹುಡುಕಿಕೊಂಡು ಬಂದರು. ಕೈಯಲ್ಲಿ ಚೀಟಿ: 'ಮಧ್ಯಾಹ್ನವೂ ನೀವೇ ಬರಬೇಕು.' ಫಾದರ್ ಆಶ್ಚರ್ಯದಿಂದ ಅವರ ಮುಖ ನೋಡಿದರು. "ಇಷ್ಟೆಲ್ಲಾ ಆದ್ಮೇಲೂ ನಾನೇನಾ?" ಸಿಸ್ಟರ್ ಗಂಟಲಿನಿಂದ ಹೇಗೋ ಒಂದು ಪಿಸುಮಾತು ಎಳೆದು ತೆಗೆದರು. "ಕೊನೇಲಿ ಚೆನ್ನಾಗಿ ಮಾಡಿದ್ರಿ."

ಮಧ್ಯಾಹ್ನ ಮಾತಾಡಿದವರು ದೊಡ್ಡ ಪಂಡಿತರು. ಒಂದು ವಾಕ್ಯ ಹೊರಟರೆ ಮುಗಿಯುವಷ್ಟರಲ್ಲಿ ಕೇಳುವವರಿಗೆ ವಯಸ್ಸಾಗುವಂಥ ಭಾಷಣ. ಫಾದರ್ ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲೂ ಇಲ್ಲ. ಎಡಮೂಲೆಯಲ್ಲಿ ತಲೆಗಳು ಒಂದೊಂದಾಗಿ ಎದೆಗೆ ಬಿದ್ದವು. ಫಾದರಿಗೆ ನಾಲಿಗೆ ತುರಿಸಿತು. ಪಕ್ಕದಲ್ಲಿ ಸಿಸ್ಟರ್ ಪೆನ್ಸಿಲ್ ಎತ್ತಿ ಹಿಡಿದೇ ಇದ್ದರು. ಫಾದರ್ ಬೆವರು ಒರೆಸಿಕೊಂಡು ನಿಶ್ಚಿಂತೆಯಿಂದ ತಮ್ಮ ಜನರನ್ನು ಮಲಗಿಸಿದರು. ಒಳ್ಳೆಯ ನಿದ್ದೆ ಎಂದು ಎದ್ದ ಮೇಲೆ ಎಲ್ಲರೂ ಒಪ್ಪಿಕೊಂಡರು.

ಸಂಜೆಯ ಪೂಜೆ ಮುಗಿಸಿ ವಸತಿಗೆ ಹೊರಟಾಗ ಬೀದಿಯ ಅಂಗಡಿಗಳು ಇನ್ನೂ ತೆರೆದಿದ್ದವು. ಬಸ್ಸು ತುಂಬಿತ್ತು; ನಡೆದೇ ಹೋಗೋಣ ಎಂದಳು ಅಕ್ಕ. ಮೀನಿನ ಅಂಗಡಿಯವನು ನೆಲಕ್ಕೆ ನೀರು ಹೊಡೆಯುತ್ತಿದ್ದ. ಅಕ್ಕ ಸೆರಗೆತ್ತಿಕೊಂಡು ಆ ನೀರನ್ನು ದಾಟಿ, "ಅಮ್ಮ ಒಂದಿನ ನೆರೆಮನೆಯವರ ನಾಯೀನ ಕರ್ಕೊಂಡು ಬಂದ್ಬಿಟ್ಟಿದ್ಳು" ಎಂದಳು.

"ಆಹಾ? ಯಾವಾಗ?"

"ಕೊನೆಗೆ ಅವರೇ ಬಂದು ಬಿಡಿಸ್ಕೊಂಡು ಹೋದ್ರು ಅನ್ನು. ಅದಕ್ಕೂ ಮೊದ್ಲು ಏನಾಯ್ತು ಅಂದ್ರೆ, ಅಲ್ಲ, ಅದಕ್ಕೂ ಮೊದ್ಲು ಆ ನಾಯಿಗೆ ನನ್ನ ಹೊಸ ಕುಪ್ಪಸ ಹಾಕಿದ್ಳು..."

ಅಕ್ಕನಿಗೆ ಕತೆ ಹೇಳಲು ಬರುವುದಿಲ್ಲ. ಕೊನೆಯನ್ನು ಮೊದಲು ಹೇಳಿಬಿಡುತ್ತಾಳೆ, ನಡುವೆ ದಾರಿ ತಪ್ಪುತ್ತಾಳೆ, ನಗು ಬರಬೇಕಾದ ಕಡೆ ದಾರದ ರೀಲಿನ ಬಣ್ಣ ಯಾವುದಿತ್ತು ಎಂದು ನೆನಪು ಮಾಡಿಕೊಳ್ಳುತ್ತಾ ನಿಂತುಬಿಡುತ್ತಾಳೆ. ಫಾದರ್ ತಿದ್ದಲಿಲ್ಲ. ಅವಳು ನಿಂತಾಗ ನಿಂತರು, ನಡೆದಾಗ ನಡೆದರು. ವಸತಿಯ ಗೇಟು ಬಂದರೂ ನಾಯಿಯ ಮೈಮೇಲಿನ ಕುಪ್ಪಸ ಇನ್ನೂ ಬಿಚ್ಚಿರಲಿಲ್ಲ. ಅಲ್ಲೇ ಹೊರಗಿನ ಬೆಂಚಿನ ಮೇಲೆ ಕೂತು, "ಹ್ಞೂಂ, ಹೇಳು" ಎಂದರು.